ಕೇಳದೆ ಬೋರಲಿಟ್ಟ ಗಡಿಗೆಗಳು

ಬನ್ನಿ, ಇನ್ನೂ ಹತ್ತಿರ ಬನ್ನಿ. ಕಾಲು ಮಡಚಿಕೊಂಡು ಕೂತ್ಕೊಳ್ಳಿ, ಬೆನ್ನಿಗೆ ಗೋಡೆ ಸಿಕ್ಕಿದವರು ಒರಗಿಕೊಳ್ಳಿ. ಬಾಯಲ್ಲಿರೋದನ್ನ ನುಂಗಿಬಿಡಿ, ಇದು ಅಗಿಯುತ್ತಾ ಕೇಳೋ ಕತೆಯಲ್ಲ. ನಡುವೆ ಎದ್ದು ಹೋಗುವವರಿದ್ದರೆ ಈಗಲೇ ಹೋಗಿ. ಅರ್ಧ ಮಾತಿನಿಂದ ಆದ ಕತೆ ಇದು, ಇದನ್ನೂ ಅರ್ಧ ಕೇಳಿ ಹೋಗಬೇಡಿ.

ಒಂದು ಊರಿತ್ತು. ಹೆಸರು ಕೇಳಬೇಡಿ, ಆ ಊರಿಗೆ ಹೆಸರಿಡೋ ಪುರುಸೊತ್ತು ಯಾರಿಗೂ ಸಿಕ್ಕಿರಲಿಲ್ಲ. ಊರಿನ ಮೇಲೆ ಮೇಲ್ಸೀಮೆ, ಊರಿನ ಕೆಳಗೆ ಕೆಳಸೀಮೆ, ನಡುವೆ ಗೋಡೆಯ ಹಾಗೆ ನಿಂತ ಗುಡ್ಡ, ಆ ಗುಡ್ಡದ ಸೊಂಟದಲ್ಲಿ ಈ ಊರು. ಕೆಳಸೀಮೆಯವರು ಯಾರೋ ಬೇರೆಯವರಲ್ಲ. ಯಾವುದೋ ಕಾಲದಲ್ಲಿ ಮೇಲಿನಿಂದ ಇಳಿದು ಹೋದ ಅಣ್ಣತಮ್ಮಂದಿರೇ. ಹೋಗಿ ಎಷ್ಟೋ ತಲೆಮಾರು ಕಳೆದು ಅವರ ನಾಲಿಗೆ ಬೇರೆಯಾಯಿತು, ಮೇಲಿನವರ ಮಾತು ಕೆಳಗಿನವರಿಗೆ ಹಕ್ಕಿ ಕೂಗಿದ ಹಾಗೆ ಕೇಳತೊಡಗಿತು. ಆದರೆ ರಕ್ತ ಒಂದೇ. ಮೇಲೆ ಸತ್ತರೆ ಕೆಳಗೆ ಸೂತಕ, ಮೇಲೆ ಮದುವೆಯಾದರೆ ಕೆಳಗೆ ಚಪ್ಪರ. ಹೊಳೆಯೂ ಒಂದೇ. ಮೇಲೆ ಒಂದೇ ಕೇರಿಯ ಪಕ್ಕ ಹುಟ್ಟಿ, ಅಲ್ಲೇ ಗುಡ್ಡದ ಅಡಿಯಲ್ಲಿ ನುಸುಳಿ, ಕೆಳಗೆ ಹರಿಯುತ್ತಿತ್ತು. ಮನುಷ್ಯರು ಹೋಗಬೇಕೆಂದರೆ ಗುಡ್ಡ ಸುತ್ತುವ ಕಾಲುದಾರಿ. ಹೋದವರು ಬರುವಷ್ಟರಲ್ಲಿ ಗಡ್ಡ ಬೆಳೆದಿರುತ್ತಿತ್ತು.

ಹಾಗಾಗಿ ಆ ಊರಿಗಿದ್ದದ್ದು ಒಂದೇ ಕೆಲಸ. ಮೇಲಿನ ಮಾತನ್ನು ಒಳಗೆ ತಗೊಳ್ಳೋದು, ಕೆಳಗಿನವರಿಗೆ ಹೊರಗೆ ಕೊಡೋದು.

ಊರಿನ ಮೇಲುಗೋಡೆಯಲ್ಲಿ ಬಾಯಿ ಅಗಲದ ಒಂದು ಒಳಕಿಂಡಿ. ಅದರ ಹಿಂದೆ ಒಂದು ಕಲ್ಲಿನ ಮೇಲೆ ಕೇಳುವವಳು ಕೂತಿರುತ್ತಿದ್ದಳು. ಊರಿನ ಕೆಳಗೋಡೆಯಲ್ಲಿ ಒಂದು ಹೊರಕಿಂಡಿ. ಅದರ ಹಿಂದೆ ಹೇಳುವವನು ಕೂತಿರುತ್ತಿದ್ದನು. ಇಬ್ಬರ ನಡುವೆ ಗುಡ್ಡದ ಹೊಟ್ಟೆಯನ್ನು ಕೊರೆದ ಕಲ್ಲಿನ ಸುರಂಗ. ಕೇಳುವವಳ ಕಣ್ಣಿಗೆ ಬಟ್ಟೆ ಕಟ್ಟಿರುತ್ತಿದ್ದರು. ಮಾತು ತಂದವರ ಮುಖ ನೋಡಿ ಮನಸ್ಸು ಕರಗಬಾರದು ಅಂತ.

ಮಾತು ತಂದವರು ಸುಮ್ಮನೆ ಮಾತಾಡುವಂತಿಲ್ಲ. ಹೆಸರಿಟ್ಟು ತೆರೆಯಬೇಕು. ‘ಮಾತು ತೆರೆದೆ’ ಅನ್ನಬೇಕು. ಆಗ ಕೇಳುವವಳು ಒಂದು ಗಡಿಗೆಯನ್ನು ಮುಂದಿಟ್ಟು, ಬೆರಳ ಗೆಣ್ಣಿನಿಂದ ಟಕ್ ಅಂತ ಒಮ್ಮೆ ಬಡಿಯುವಳು. ‘ಮದುವೆ ತೆರೆದೆ’ ಅಂದರೆ ಅದರ ಮೇಲೆ ಇನ್ನೊಂದು ಗಡಿಗೆ, ಟಕ್. ‘ಹೆಣ್ಣು ತೆರೆದೆ’ ಅಂದರೆ ಅದರ ಮೇಲೆ ಮತ್ತೊಂದು, ಟಕ್. ಹೆಣ್ಣು ಯಾರ ಮಗಳು, ಯಾವ ಕೇರಿಯವಳು ಎಲ್ಲ ಹೇಳಿ ‘ಹೆಣ್ಣು ಮುಚ್ಚಿದೆ’ ಅಂದರೆ ಮೇಲಿನ ಗಡಿಗೆಯನ್ನು ಟಕ್ ಅನ್ನಿಸಿ ತೆಗೆದು ನೆಲದ ಮೇಲೆ ಬೋರಲು. ಕೊನೆಗೆ ತೆರೆದದ್ದು ಮೊದಲು ಮುಚ್ಚಬೇಕು. ಮೊದಲು ತೆರೆದದ್ದು ಕೊನೆಗೆ ಮುಚ್ಚಬೇಕು. ಎಲ್ಲ ಗಡಿಗೆಯೂ ಬೋರಲಾದಾಗ ಮಾತು ಪೂರ್ತಿ.

ಪೂರ್ತಿಯಾಗಲಿ ಅಂತ ಅವಳು ಕಾಯುವಂತಿರಲಿಲ್ಲ. ಕೇಳಿದ್ದನ್ನು ಕೇಳಿದ ಗಳಿಗೆಯಲ್ಲೇ ಸುರಂಗಕ್ಕೆ ಬಿಡಬೇಕು. ಆ ಕಡೆ ಹೇಳುವವನು ಅದನ್ನು ಕೆಳಸೀಮೆಯ ನಾಲಿಗೆಗೆ ತಂದು ಆ ಗಳಿಗೆಯಲ್ಲೇ ಹೊರಗೆ ಬಿಡಬೇಕು. ಹಿಂದೆ ಹೋದದ್ದನ್ನು ಮತ್ತೆ ಕೇಳುವಂತಿಲ್ಲ. ಮುಂದೆ ಬರೋದನ್ನು ಊಹಿಸುವಂತಿಲ್ಲ. ಹೊರಗೆ ಬಿಟ್ಟದ್ದನ್ನು ವಾಪಸು ಕರೆಯುವಂತಿಲ್ಲ. ಹೆಸರಿಡದ ಅಳು, ಕೆಮ್ಮು, ‘ಏನು ಮಾಡ್ಲಿ ನಮ್ಮವ್ವ’ ಅನ್ನೋ ಗೋಳು, ಇವೆಲ್ಲ ಕಿಂಡಿಯ ಕೆಳಗಿನ ಚರಂಡಿಗೆ. ಸುರಂಗಕ್ಕಲ್ಲ.

ಇಷ್ಟು ಬಿಗಿ ಯಾಕೆ ಅಂತೀರಾ? ಕೆಳಗಿನವರು ತೆರೆದ ಮಾತಿನೊಳಗೇ ಬದುಕುವ ಜನ. ‘ಮದುವೆ ತೆರೆದೆ’ ಅಂದ ಕೂಡಲೇ ಚಪ್ಪರ ಹಾಕುತ್ತಿದ್ದರು, ‘ಮದುವೆ ಮುಚ್ಚಿದೆ’ ಅಂದಾಗ ಕೀಳುತ್ತಿದ್ದರು. ಒಂದು ಸಲ ಮದುವೆಯ ಮಾತು ತಂದವನೊಬ್ಬ ನಡುವೆ ಎಲೆ ಅಡಿಕೆ ಹಾಕಿಕೊಳ್ಳಲು ನಿಂತನಂತೆ. ಅವನು ಸುಣ್ಣ ಹುಡುಕುವಷ್ಟರಲ್ಲಿ ಕೆಳಗೆ ಇನ್ನೊಂದು ಪಂಕ್ತಿ ಊಟ ಎದ್ದಿತ್ತು. ಇನ್ನೊಬ್ಬ ಮಾತಿನ ನಡುವೆ, ‘ಅಷ್ಟರಲ್ಲಿ ನಾನು ಬಾಗಿಲು ತೆರೆದೆ, ನೋಡ್ತೀನಿ, ನಮ್ಮತ್ತೆ’ ಅಂದುಬಿಟ್ಟ. ಕೇಳುವವಳು ಗಡಿಗೆ ಇಟ್ಟಳು, ಟಕ್. ಕೆಳಗಿನವರೆಲ್ಲ ಎದ್ದು ತಂತಮ್ಮ ಬಾಗಿಲು ತೆರೆದು ಕೂತರು.

“ಈಗ ನಿಮ್ಮತ್ತೇನ ಒಳಗೆ ಕರಕೊಂಡು ಬಾಗಿಲು ಮುಚ್ಚಪ್ಪ” ಅಂದಳು ಕೇಳುವವಳು.

“ಅವರು ಒಳಗೆ ಬಂದ್ರೆ ನಾನು ಹೊರಗೆ ಹೋಗ್ಬೇಕಾಗುತ್ತೆ ತಾಯಿ. ಸ್ವಲ್ಪ ಹಾಗೇ ಇರ್ಲಿ ಬಿಡಿ.”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವತ್ತಿನಿಂದ ಸಾಲಿನಲ್ಲಿ ಹೇಳಿ ಹೇಳಿ ಕಲಿಸಿದರು. ಮಾತಿನ ಹೊಟ್ಟೆಯೊಳಗೆ ಬಾಗಿಲು ಬಂದರೆ ‘ಕದ ಸರಿಸಿದೆ’ ಅನ್ನಿ, ತೆರೆದೆ ಮುಚ್ಚಿದೆ ಅನ್ನೋದು ಸುಮ್ಮಸುಮ್ಮನೆ ಬರಬಾರದು ಅಂತ.

ಇನ್ನೊಂದು ನೇಮವಿತ್ತು. ಎಲ್ಲಕ್ಕಿಂತ ಹಳೇ ನೇಮ. ತೆರೆದ ಮಾತು ಮುಚ್ಚದೆ ನಿಂತುಹೋದರೆ, ಅಥವಾ ಒಂದರ ಬದಲು ಇನ್ನೊಂದನ್ನು ಮುಚ್ಚಿದರೆ, ಕೇಳುವವಳು ಅದನ್ನು ಸರಿಮಾಡಲು ಹೋಗಬಾರದು. ಇಟ್ಟಿದ್ದ ಗಡಿಗೆಗಳನ್ನು ಎತ್ತಿ ಕಲ್ಲಿಗೆ ಹೊಡೆದು ಒಡೆಯಬೇಕು. ಆ ಸದ್ದು ಸುರಂಗದಲ್ಲಿ ಹಾಯ್ದು ಕೆಳಗಿನವರಿಗೆ ಕೇಳಬೇಕು. ಒಡೆದ ಸದ್ದು ಕೇಳಿದರೆ ಅವರು ಆ ಮಾತನ್ನು ನಂಬುವಂತಿಲ್ಲ, ಬಿಡುವಂತೆಯೂ ಇಲ್ಲ. ಒಲೆ ಹಚ್ಚದೆ, ಹೊಳೆಗಿಳಿಯದೆ, ಹುರಿಗಾಳು ಎಳನೀರಲ್ಲಿ ಹೊಟ್ಟೆ ಹೊರೆದುಕೊಂಡು, ಗಟ್ಟಿ ಕಾಲಿನ ಒಬ್ಬನನ್ನು ಗುಡ್ಡ ಸುತ್ತಿಸಿ ಮೇಲೆ ಕಳಿಸಬೇಕು. ಅವನು ಕೇಳಿ ತಿಳಿದು ಬರುವ ತನಕ ಹಾಗೇ ಇರಬೇಕು.

ನಮ್ಮ ಕೇಳುವವಳ ಕಾಲದಲ್ಲಿ ಒಂದು ಗಡಿಗೆಯೂ ಒಡೆದಿರಲಿಲ್ಲ. ಅವಳಿಗೆ ಅದೊಂದು ಬಿಂಕ. ಒಡೆದ ಚೂರು ಗುಡಿಸುವುದಕ್ಕೆ ಅಂತಲೇ ಊರು ನೇಮಿಸಿದ್ದ ಒಬ್ಬ ಮುದುಕಿ ಇದ್ದಳು, ಗುಡಿಸುವವಳು. ಚೂರೇ ಇಲ್ಲದ ಮೇಲೆ ಏನು ಗುಡಿಸುತ್ತಾಳೆ? ಧೂಳು ಗುಡಿಸುತ್ತಿದ್ದಳು.

“ನಿನ್ನ ದೆಸೆಯಿಂದ ನನ್ನ ಪೊರಕೆಗೆ ವಯಸ್ಸೇ ಆಗಲ್ಲ ಕಣೆ” ಅಂತಿದ್ದಳು ಮುದುಕಿ.

“ಆಗ್ದೆ ಇರ್ಲಿ ಬಿಡು ಅಜ್ಜಿ. ನಾನು ಈ ಕಲ್ಲಿನ ಮೇಲಿರೋತನಕ ನಿನಗೆ ಧೂಳೇ ಗತಿ.”

ಕೇಳುವವಳಿಗೆ ಒಬ್ಬಳೇ ಮಗಳು. ಅವಳನ್ನು ಕೆಳಸೀಮೆಗೆ ಕೊಟ್ಟಿದ್ದರು. ಗುಡ್ಡ ಸುತ್ತಿ ಹೋದ ಹುಡುಗಿ ಮತ್ತೆ ಬಂದಿರಲಿಲ್ಲ. ಮಾತು ಮೇಲಿನಿಂದ ಕೆಳಕ್ಕೆ ಹೋಗುತ್ತದೆಯೇ ಹೊರತು ಕೆಳಗಿನಿಂದ ಮೇಲಕ್ಕೆ ಬರುವುದಿಲ್ಲ, ಹಾಗಾಗಿ ಮಗಳ ದನಿ ಕೇಳುವ ದಾರಿಯಿರಲಿಲ್ಲ. ಹೇಳುವವನು ಅವಳ ಮೈದುನ. ಮಾತಿನ ಹೊತ್ತು ಮುಗಿದ ಮೇಲೆ ಅವನು ಸುರಂಗದಲ್ಲಿ ಆಗೊಂದು ಈಗೊಂದು ಸುದ್ದಿ ಕೂಗುತ್ತಿದ್ದ. “ಅತ್ತಿಗೆ, ನಿನ್ನ ಮಗಳು ದಿನಾ ಕಿಂಡಿ ಹತ್ತಿರಾನೇ ಕೂತ್ಕೋತಾಳೆ. ನನ್ನ ಮಾತು ಕೇಳೋಕಲ್ಲ ಅನ್ನಿಸುತ್ತೆ. ನಿನ್ನ ಗೆಣ್ಣಿನ ಸದ್ದು ಸುರಂಗದಲ್ಲಿ ಬರುತ್ತಲ್ಲ, ಆ ಟಕ್ ಟಕ್, ಅದನ್ನ ಕೇಳೋಕೆ.” ಅದನ್ನು ಕೇಳಿದ ಮೇಲೆ ಕೇಳುವವಳು ಗಡಿಗೆ ಬಡಿಯುವಾಗಲೆಲ್ಲ ಮಗಳ ತಲೆ ಸವರಿದ ಹಾಗೆ ಬಡಿಯುತ್ತಿದ್ದಳು. ಮೊನ್ನೆ ಮೊನ್ನೆ ಮೈದುನ ಹೇಳಿದ್ದ, ಮಗಳಿಗೆ ಮಗುವಾಗಿದೆ, ಗಂಡು, ಕೂದಲು ಜಾಸ್ತಿ ಅಂತ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಒಳಕಿಂಡಿಗೆ ಒಬ್ಬ ಮುದುಕನ ದನಿ ಬಂತು. ಹೊಳೆ ಹುಟ್ಟುವ ಕಡೆಯಿಂದ ಬಂದವನು. ಉಸಿರು ಹರಿದ ಕಂಬಳಿಯ ಹಾಗಿತ್ತು.

“ಮಾತು ತೆರೆದೆ.”

ಗಡಿಗೆ ಇಟ್ಟಳು. ಟಕ್. ಸುರಂಗಕ್ಕೆ ಬಿಟ್ಟಳು.

“ಎಚ್ಚರ ತೆರೆದೆ.”

ಅದರ ಮೇಲೆ ಗಡಿಗೆ. ಟಕ್. ಬಿಟ್ಟಳು.

“ಸೂತಕ ತೆರೆದೆ.”

ಅದರ ಮೇಲೆ ಗಡಿಗೆ. ಟಕ್. ಬಿಟ್ಟಳು.

“ಹೊಳೆಮೂಲದ ಕೇರಿಯಲ್ಲಿ ಒಲೆ ಹಚ್ಚೋಕೆ ಒಬ್ಬರೂ ಉಳಿದಿಲ್ಲ.”

ಅದನ್ನೂ ಬಿಟ್ಟಳು. ಆಮೇಲೆ ಏನೂ ಬರಲಿಲ್ಲ. ಮೊದಲು ಕೋಲು ಬಿದ್ದ ಸದ್ದು, ಆಮೇಲೆ ಮನುಷ್ಯ ಬಿದ್ದ ಸದ್ದು. ಬಿದ್ದ ಸದ್ದಿಗೆ ಹೆಸರಿಲ್ಲ. ಅದು ಚರಂಡಿಗೆ ಹೋಯಿತು.

“ಹೋಗ್ಬಿಟ್ಟ ಅನ್ಸುತ್ತೆ” ಅಂತು ಸಾಲಿನಲ್ಲಿ ಒಂದು ದನಿ.

“ಎತ್ತಿ ಹುಣಸೇಮರದ ಕೆಳಗೆ ಹಾಕ್ರೋ. ಹೆಣ ಬಿಸಿಲಿಗಿರಬಾರದು.”

ಮೂರು ಗಡಿಗೆ ಒಂದರ ಮೇಲೊಂದು ನಿಂತಿದ್ದವು. ಕೇಳುವವಳು ಕಿವಿಯನ್ನು ಕಿಂಡಿಗೆ ಕೊಟ್ಟು ಕೂತಳು. ಗಾಳಿ ಬಂತು. ಧೂಳು ಬಂತು. ಮಾತು ಬರಲಿಲ್ಲ.

ತೆರೆದದ್ದು ಮುಚ್ಚುವ ತನಕ ಇನ್ನೊಬ್ಬರು ಮಾತಾಡುವಂತಿಲ್ಲ. ಸಾಲು ಬೆಳೆಯಿತು. “ನಮ್ಮ ಎಮ್ಮೆ ಈದಿರೋ ಸುದ್ದಿ ಹೇಳೋಷ್ಟರಲ್ಲಿ ಕರು ಕೋಡು ಬಿಡುತ್ತೆ” ಅಂದ ಒಬ್ಬ. “ಕೇಳುವವಳಿಗೆ ನಿದ್ದೆ ಬಂತೇನೋ, ಕಣ್ಣಿಗೆ ಬಟ್ಟೆ ಬೇರೆ ಇದೆ” ಅಂದಳು ಒಬ್ಬಳು.

ಗುಡಿಸುವವಳು ಪೊರಕೆ ಹಿಡಿದು ಹತ್ತಿರ ಬಂದಳು. “ಒಡಿ” ಅಂದಳು.

“ಇರು ಅಜ್ಜಿ. ಎದ್ದರೂ ಎದ್ದಾನು.”

“ಎದ್ರೆ ಏಳ್ಲಿ. ಎದ್ದು ಹೊಸದಾಗಿ ಹೇಳ್ಲಿ. ನಿಂತ ಮಾತನ್ನ ನೀನು ಒಡಿ. ಕೆಳಗಿನೋರಿಗೆ ತಿಳೀಲಿ, ಇದು ನಿಂತುಹೋಗಿದೆ ಅಂತ.”

ಅಷ್ಟರಲ್ಲಿ ಸುರಂಗದಲ್ಲಿ ಮೈದುನನ ದನಿ. ಮಾತಿನ ಹೊತ್ತಿನಲ್ಲಿ ಅವನು ಹಾಗೆ ಕೂಗಿದವನೇ ಅಲ್ಲ. “ಅತ್ತಿಗೆ. ಇಲ್ಲಿ ಸೂತಕ ತೆರೆದಿದೆ. ಎಲ್ಲಾರೂ ಒಲೆ ಆರಿಸಿ ಕೂತಿದ್ದಾರೆ. ಯಾರ ಬಾಯಿಗೂ ಒಂದು ಹನಿ ಹೋಗಿಲ್ಲ. ನಿನ್ನ ಮಗಳು ಹಸೀ ಬಾಣಂತಿ, ಗಂಜೀನೂ ಕೊಡೋ ಹಾಗಿಲ್ಲ. ಮಗು ಎದೆ ಚೀಪಿ ಚೀಪಿ ಅಳ್ತಿದೆ. ಮುಂದಿಂದು ಬೇಗ ಬಿಡು.”

ಕೇಳುವವಳ ಕೈ ಗಡಿಗೆಯ ಮೇಲೆ ನಿಂತಿತು.

ಒಡೆದರೇನು ಅಂತ ಯೋಚಿಸಿದಳು. ಒಡೆದರೆ ಒಬ್ಬನು ಗುಡ್ಡ ಸುತ್ತಿ ಬರಬೇಕು, ಮತ್ತೆ ಸುತ್ತಿ ಹೋಗಬೇಕು. ಅಲ್ಲಿಯ ತನಕ ಹುರಿಗಾಳು. ಬಾಣಂತಿ ಹುರಿಗಾಳು ತಿಂದು ಬದುಕೋದುಂಟೆ? ಹಾಲು ಬತ್ತಿಹೋಗುತ್ತೆ. ಕೂದಲು ಜಾಸ್ತಿ ಇರೋ ಆ ಕೂಸು?

ಮುಚ್ಚಿದರೇನು ಅಂತ ಯೋಚಿಸಿದಳು. ಸತ್ತವನು ಬದುಕಿದ್ದರೆ ಮುಚ್ಚುತ್ತಿರಲಿಲ್ಲವೆ? ಮುಚ್ಚೇ ಮುಚ್ಚುತ್ತಿದ್ದ. ಸೂತಕ ಮುಚ್ಚಿದೆ ಅನ್ನುತ್ತಿದ್ದ, ಎಚ್ಚರ ಮುಚ್ಚಿದೆ ಅನ್ನುತ್ತಿದ್ದ, ಮಾತು ಮುಚ್ಚಿದೆ ಅನ್ನುತ್ತಿದ್ದ. ಅವನ ಬಾಯಲ್ಲಿ ನಿಂತದ್ದನ್ನು ನನ್ನ ಬಾಯಲ್ಲಿ ಮುಗಿಸಿದರೆ ನಾನೇನು ಸೇರಿಸಿದ ಹಾಗಾಯಿತು? ಮುಚ್ಚುವ ಮಾತಿನಲ್ಲಿ ಏನಿರುತ್ತದೆ, ಖಾಲಿ ಗಡಿಗೆ ತಾನೆ.

“ಒಡಿಯೇ” ಅಂದಳು ಗುಡಿಸುವವಳು.

“ನಿನಗೆ ಚೂರು ಗುಡಿಸೋ ಆಸೆ” ಅಂದಳು ಕೇಳುವವಳು. “ಮಗಳನ್ನ ಕೆಳಗೆ ಕೊಟ್ಟೋಳು ನಾನು.”

ಮೇಲಿನ ಗಡಿಗೆ ತೆಗೆದು ಬೋರಲಿಟ್ಟಳು. “ಸೂತಕ ಮುಚ್ಚಿದೆ” ಅಂತ ಸುರಂಗಕ್ಕೆ ಬಿಟ್ಟಳು.

ನಡುವಿನ ಗಡಿಗೆ ತೆಗೆದು ಬೋರಲಿಟ್ಟಳು. “ಎಚ್ಚರ ಮುಚ್ಚಿದೆ.”

ಅಡಿಯ ಗಡಿಗೆ ಬೋರಲಿಟ್ಟಳು. “ಮಾತು ಮುಚ್ಚಿದೆ.”

ಎಲ್ಲ ಸರಿಯಾಗಿತ್ತು, ನೋಡಿ. ಕೊನೆಗೆ ತೆರೆದದ್ದು ಮೊದಲು, ಮೊದಲು ತೆರೆದದ್ದು ಕೊನೆಗೆ. ಒಂದು ಹೆಸರೂ ಆಚೀಚೆಯಾಗಲಿಲ್ಲ. ಎಂಥ ನೇಮಸ್ಥರು ಬಂದು ನೋಡಿದರೂ ಬೆರಳಿಡಲು ಸಂದು ಸಿಗುತ್ತಿರಲಿಲ್ಲ. ಗೆಣ್ಣಿನಿಂದ ಬಡಿಯೋದೊಂದು ಮರೆತಿದ್ದಳು. ಮರೆತದ್ದೂ ಅಲ್ಲ. ಕಿವಿಗೆ ಬಿದ್ದ ಮಾತಿಗೆ ಬಡಿದು ರೂಢಿಯಾದ ಗೆಣ್ಣು ಅದು. ಕಿವಿಗೆ ಏನೂ ಬೀಳದಾಗ ಅದು ತಾನಾಗಿ ಏಳಲಿಲ್ಲ.

ಗುಡಿಸುವವಳು ಪೊರಕೆ ಎತ್ತಿಕೊಂಡಳು. ಗೋಡೆಯ ಮೂಲೆಗೆ ಹೋಗಿ ಧೂಳಿಲ್ಲದ ಜಾಗವನ್ನು ಗುಡಿಸುತ್ತಾ ನಿಂತಳು.

ಸ್ವಲ್ಪ ಹೊತ್ತಿಗೆ ಸುರಂಗದಿಂದ ಹೊಗೆಯ ವಾಸನೆ ಬಂತು. ಕೆಳಗೆ ಒಲೆ ಹಚ್ಚಿದ್ದರು. ಒಂದು ಒಲೆಯಲ್ಲ, ಎಲ್ಲ ಮನೆಯ ಒಲೆಯೂ. ಹಿಂದೆಯೇ ಗಂಜಿ ಕುದಿಯುವ ವಾಸನೆ, ಜೀರಿಗೆ ಮೆಣಸು ಹಾಕಿದ ಬಾಣಂತಿ ಸಾರಿನ ವಾಸನೆ. ಕೇಳುವವಳು ಸುರಂಗದ ಬಾಯಿಗೆ ಮೂಗು ಕೊಟ್ಟು ಕಣ್ಣುಪಟ್ಟಿ ಒದ್ದೆಯಾಗುವ ಹಾಗೆ ಅತ್ತಳು, ಸಂತೋಷಕ್ಕೆ. ಸಾಲು ಮುಂದೆ ಸರಿಯಿತು. ಎಮ್ಮೆ ಈದ ಮಾತು ಬಂತು, ಹೋಯಿತು. ನಾಮಕರಣದ ಮಾತು ಬಂತು, ಹೋಯಿತು. ಗಡಿಗೆಗಳು ಏರಿದವು, ಇಳಿದವು, ಟಕ್ ಟಕ್ ಅಂದವು.

ಹೊತ್ತು ವಾಲಿತು, ಸಾಲು ಕರಗಿತು. ಆಗ ನೆಲದ ಮೇಲೆ ಏನೋ ತೆವಳಿಕೊಂಡು ಬಂದ ಸದ್ದು. ಕಿಂಡಿಗೆ ಒಂದು ಉಸಿರು ತಾಕಿತು. ಹರಿದ ಕಂಬಳಿಯಂಥ ಉಸಿರು.

“ತಾಯಿ” ಅಂತು ಆ ದನಿ. “ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟೆ. ಈಗ ಎದ್ದೆ. ನನ್ನ ಮಾತು ಎಲ್ಲಿಗೆ ನಿಂತಿತ್ತು? ಸೂತಕ ಮುಚ್ಚಬೇಕು. ಮುಚ್ಚಿ ಹೊಳೆ ವಿಷಯ ಹೇಳಬೇಕು.”

ಕೇಳುವವಳು ಕಿಂಡಿಗೆ ಬಾಯಿ ಕೊಟ್ಟಳು. “ಯಾವ ಹೊಳೆ ಅಜ್ಜ?”

“ಇನ್ಯಾವ ಹೊಳೆ? ಇರೋದು ಒಂದೇ ಹೊಳೆ. ಮೂಲಕ್ಕೆ ನಂಜು ಇಳಿದಿದೆ. ನಮ್ಮ ಕೇರಿ ಪೂರ್ತಿ ಅದರಲ್ಲೇ ಹೋಯ್ತು. ಕಾಯಿಸಿದ್ರೂ ಹೋಗಲ್ಲ, ಸೋಸಿದ್ರೂ ಹೋಗಲ್ಲ. ಹೊಳೆ ನೀರು ಮುಟ್ಟಬೇಡಿ ಅಂತ ಕೆಳಗಿನೋರಿಗೆ ಹೇಳಬೇಕು. ಅದಕ್ಕೇ ಅಲ್ವಾ ನಾನು ಎಚ್ಚರ ತೆರೆದಿದ್ದು.”

“ಅದು ಮುಚ್ಚಾಯ್ತು” ಅಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

“ಮುಚ್ಚಾಯ್ತೆ? ನಾನಿನ್ನೂ ಅದರೊಳಗೆ ಏನೂ ಹಾಕಿಲ್ಲವಲ್ಲ. ಯಾರು ಮುಚ್ಚಿದ್ದು?”

ಮುದುಕ ಕಿಂಡಿಗೆ ಹಣೆ ಚಚ್ಚಿಕೊಂಡ. “ಖಾಲಿ ಎಚ್ಚರ ಕಳಿಸಿದ್ರಾ ತಾಯಿ? ತೆರೆದು, ಏನೂ ಹೇಳದೆ, ಮುಚ್ಚಿ? ಅಂದ್ರೆ ಅವರು ಏನೂ ಇಲ್ಲ ಅಂದ್ಕೊಂಡಿರ್ತಾರಲ್ಲ. ಹೆದರೋಕೆ ಏನೂ ಇಲ್ಲ ಅಂತ.”

ಅವಳು ಸುರಂಗದೊಳಕ್ಕೆ ಬಾಯಿ ಹಾಕಿ ಕೂಗಿದಳು. “ಮೈದುನಾ, ಹೊಳೆ ನೀರು ಮುಟ್ಟಬೇಡಿ ಅನ್ನು. ಮಗಳಿಗೆ ಹೇಳು. ಎಲ್ಲರಿಗೂ ಹೇಳು.”

ಆ ಕಡೆಯಿಂದ ಮೈದುನನ ದನಿ ಬಂತು, “ಅತ್ತಿಗೆ, ತೆರೆಯದ ಮಾತು ಹ್ಯಾಗೆ ಹೇಳ್ಲಿ? ಹೇಳಿದ್ರೂ ಯಾರು ಕೇಳ್ತಾರೆ? ಆದ್ರೂ ಕೂಗ್ತೀನಿ.” ಅವನು ಕೂಗಿದ. ತೆರೆಯದೆ ಕೂಗಿದ್ದು ಕೆಳಗಿನವರಿಗೆ ಮಾತಲ್ಲ, ಕೂಗು. ಹೊರಕಿಂಡಿಯ ಮುಂದೆ ಗೋಲಿ ಆಡುತ್ತಿದ್ದ ಮಕ್ಕಳು, ಹೇಳುವವನಿಗೆ ತಲೆ ಕೆಟ್ಟಿದೆ ಅಂತ ನಕ್ಕವು.

“ಅಜ್ಜ, ಹೊಸದಾಗಿ ತೆರಿ” ಅಂದಳು ಕೇಳುವವಳು. “ನಿನ್ನ ಕಾಲು ಹಿಡೀತೀನಿ, ಮೊದಲಿಂದ ತೆರಿ.”

ಮುದುಕ ಉಸಿರು ಒಟ್ಟು ಮಾಡಿದ. ಮಾತು ತೆರೆದ. ಎಚ್ಚರ ತೆರೆದ. ಹೊಳೆಯ ವಿಷಯ ಹೇಳಿದ. ಎಚ್ಚರ ಮುಚ್ಚಿದ. ಮಾತು ಮುಚ್ಚಿದ. ಪ್ರತಿಯೊಂದಕ್ಕೂ ಅವಳ ಗೆಣ್ಣು ಟಕ್ ಅಂತು. ಇದು ಪೂರ್ತಿ ಮಾತು. ಇದರಲ್ಲಿ ಒಂದು ಕೊರತೆಯೂ ಇರಲಿಲ್ಲ. ಹೇಳುವವನು ಇದನ್ನು ಗಂಟಲು ಹರಿಯುವಂತೆ ಹೊರಗೆ ಬಿಟ್ಟ.

“ಅತ್ತಿಗೆ” ಅಂದ ಆಮೇಲೆ. “ಕಿಂಡಿ ಮುಂದೆ ಯಾರೂ ಇಲ್ಲ. ಮಕ್ಕಳನ್ನೂ ಊಟಕ್ಕೆ ಕರೆದರು.”

ಗಂಜಿಯ ವಾಸನೆ ಇನ್ನೂ ಸುರಂಗದಲ್ಲಿತ್ತು. ಬೆಳಗಾಗುವಾಗ ಇರಲಿಲ್ಲ. ಹೊಗೆಯ ವಾಸನೆಯೂ ಬರಲಿಲ್ಲ. ಮೈದುನನನ್ನು ಕರೆದಳು. “ಏನು ಕಾಣ್ತಿದೆ?”

“ಬಾಗಿಲುಗಳು ಕಾಣ್ತಿವೆ” ಅಂದ ಅವನು. “ತೆಗೆದಿವೆ. ಯಾರೂ ಹೊರಗೆ ಬಂದಿಲ್ಲ.”

ಆಮೇಲೆ ಅವನು ಅವಳ ಹತ್ತಿರ ಮಾತಾಡಲಿಲ್ಲ.

ಮೇಲಿನಿಂದ ಮಾತು ತರುವವರು ತರುತ್ತಲೇ ಇದ್ದರು. ಅವರಿಗೇನು ಗೊತ್ತು? ಕೇಳುವವಳು ಕೇಳುತ್ತಲೇ ಇದ್ದಳು, ಗಡಿಗೆ ಏರಿಸುತ್ತಲೇ ಇದ್ದಳು, ಇಳಿಸುತ್ತಲೇ ಇದ್ದಳು. ಆ ಕಡೆ ಹೇಳುವವನು ತೆಗೆದ ಬಾಗಿಲುಗಳಿಗೆ ಮದುವೆಯ ಮಾತು ಹೇಳುತ್ತಲೇ ಇದ್ದ. ಒಂದು ಸಲ ಕೇಳುವವಳು ತಡೆಯಲಾರದೆ ಗುಡಿಸುವವಳನ್ನು ಕೇಳಿದಳು. “ಒಡೆದಿದ್ರೆ ಏನಾಗ್ತಿತ್ತು ಅಜ್ಜಿ?”

“ಏನಾಗ್ತಿತ್ತು. ಹುರಿಗಾಳು ತಿಂದು ಹೊಟ್ಟೆ ನುಲೀತಿತ್ತು” ಅಂದಳು ಮುದುಕಿ.

ಹೀಗೆ ಕಾಲ ಹೋಯಿತು. ಗುಡ್ಡ ಸುತ್ತಿ ಬರುವಷ್ಟು ಕಾಲ. ಒಂದು ದಿನ ಸಾಲಿನಲ್ಲಿ ನಿಂತವರು ಇದ್ದಕ್ಕಿದ್ದ ಹಾಗೆ ಸುಮ್ಮನಾದರು. ಯಾರಿಗೋ ದಾರಿ ಬಿಟ್ಟ ಹಾಗೆ ಕಾಲುಗಳು ಸರಿದವು. ಕಿಂಡಿಗೆ ಒಂದು ದನಿ ಬಂತು. ಒಣಗಿದ ದನಿ, ಆದರೆ ಗುರುತು ಸಿಗದ ದನಿಯಲ್ಲ.

“ಮಗು ತೆರೆದೆ.”

ಕೇಳುವವಳ ಕೈ ಗಡಿಗೆ ಇಟ್ಟಿತು. ಗೆಣ್ಣು ಟಕ್ ಅಂತು. ಬಾಯಿ ಆ ಮಾತನ್ನು ಸುರಂಗಕ್ಕೆ ಬಿಟ್ಟಿತು. ಆಮೇಲೆ ಅವಳು ಕಾದಳು. ಕಿಂಡಿಯಿಂದ ಮಾತು ಬರಲಿಲ್ಲ.

“ಮಗಳೇ” ಅಂದಳು. “ಬಂದ್ಯಾ?”

“ಬಂದೆ.”

“ಊಟ ಮಾಡಿದ್ಯಾ ಅವತ್ತು?”

“ಇಲ್ಲವ್ವ. ಎಲ್ಲಾರೂ ಒಲೆ ಹಚ್ಚೋಕೆ ಎದ್ರು. ನಾನು ಏಳಲಿಲ್ಲ. ತೆರೆಯೋವಾಗ ಟಕ್ ಅಂತು, ಮುಚ್ಚೋವಾಗ ಅನ್ನಲಿಲ್ಲ. ನಮ್ಮವ್ವ ಇದನ್ನ ಕೇಳಿಸ್ಕೊಂಡಿಲ್ಲ, ಗೆಣ್ಣಿನ ಸದ್ದು ಬರ್ಲಿಲ್ಲ ಅಂದೆ. ಅತ್ತೆ ನನ್ನ ಹಣೆ ಮುಟ್ಟಿ ನೋಡಿದ್ರು. ಬಾಣಂತಿಗೆ ಸನ್ನಿ ಹಿಡಿದಿದೆ ಅಂದ್ರು. ನಾನು ಗಂಜಿ ಮುಟ್ಟಲಿಲ್ಲ, ಎಳನೀರು ಕುಡಿದು ಮಲಗಿದೆ.”

“ಮಗು?”

“ಎದೇಲಿ ಹಾಲಿರ್ಲಿಲ್ಲ. ಅಳ್ತಾ ಇತ್ತು. ನಾನು ಮಂಪರಲ್ಲಿದ್ದಾಗ ಅತ್ತೆ ಬಟ್ಟೆ ಚೂರು ನೀರಲ್ಲಿ ಅದ್ದಿ ಬಾಯಿಗಿಟ್ಟರು. ಪಾಪ, ಅದರ ಅಳು ನೋಡಲಾರದೆ ಇಟ್ಟರು.” ಅವಳು ನಿಲ್ಲಿಸಿದಳು. “ನಿನ್ನ ಹಾಗೇ.”

ಗುಡಿಸುವವಳ ಪೊರಕೆ ನಿಂತಿತು.

“ಅದರ ಹೆಸರಿಡೋಕೂ ಆಗ್ಲಿಲ್ಲ” ಅಂದಳು ಮಗಳು. “ಅದಕ್ಕೇ ಬರೀ ಮಗು ಅಂತ ತೆರೆದಿದೀನಿ. ಒಳಗೆ ಹಾಕೋಕೆ ನನ್ನ ಹತ್ತಿರ ಏನೂ ಇಲ್ಲ. ನೀನೇ ಮುಚ್ಚವ್ವ. ಮುಚ್ಚೋದು ಬರುತ್ತಲ್ಲ ನಿನಗೆ.”

ಕೇಳುವವಳು ಕಣ್ಣುಪಟ್ಟಿ ಬಿಚ್ಚಿದಳು. ಆ ಕಲ್ಲಿನ ಮೇಲೆ ಕೂತ ಮೇಲೆ ಮೊದಲ ಸಲ. ಕಿಂಡಿಯಲ್ಲಿ ಮಗಳ ಒಂದು ಕಣ್ಣು ಕಂಡಿತು, ಅದರಲ್ಲಿ ನೀರಿರಲಿಲ್ಲ. ಎದುರಿಗೆ ಒಂದು ಗಡಿಗೆ, ಬಾಯಿ ಮೇಲಾಗಿ. ಒಳಗೆ ಬಗ್ಗಿ ನೋಡಿದಳು. ಏನಿರುತ್ತದೆ ಖಾಲಿ ಗಡಿಗೆಯಲ್ಲಿ? ಕತ್ತಲೆ ಇತ್ತು.

ಬೋರಲು ಹಾಕಲು ಕೈ ಬರಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡಳು, ಕೂಸನ್ನು ಎತ್ತಿಕೊಂಡ ಹಾಗೆ. ತಲೆಗಿಂತ ಮೇಲೆತ್ತಿ ಕಲ್ಲಿಗೆ ಹೊಡೆದಳು.

ಆ ಸದ್ದು ಸುರಂಗದಲ್ಲಿ ಇಳಿಯಿತು. ಹೇಳುವವನಿಗೆ ಅದನ್ನು ತಿರುಗಿಸಿ ಹೇಳುವ ಕೆಲಸವಿರಲಿಲ್ಲ, ಒಡೆದ ಸದ್ದು ಎಲ್ಲ ನಾಲಿಗೆಗೂ ಒಂದೇ. ಹೊರಕಿಂಡಿಯಿಂದ ಅದು ತೆಗೆದ ಬಾಗಿಲುಗಳ ಮೇಲೆ ಹಾಯ್ದು ಕೆಳಸೀಮೆಯ ಕೊನೆಯ ತನಕ ಹೋಯಿತು. ಹೊಳೆಯಿಂದ ದೂರ, ಬಾವಿಗಳ ಹತ್ತಿರ ಇದ್ದ ಒಂದಷ್ಟು ಮನೆಗಳವರು ಉಳಿದಿದ್ದರು. ಅವರು ತಲೆಯೆತ್ತಿದರು. ಕೈಯಲ್ಲಿದ್ದ ಕೆಲಸ ಬಿಟ್ಟರು. ಗಟ್ಟಿ ಕಾಲಿನ ಒಬ್ಬಳನ್ನು ಗುಡ್ಡ ಸುತ್ತಲು ಕಳಿಸಿದರು.

ಇನ್ನು ಅವರವರ ಪಾಡು ಹೇಳಿ ಮುಗಿಸುತ್ತೇನೆ, ಏಳಬೇಡಿ.

ಹೊಳೆಮೂಲದ ಮುದುಕ ಎರಡನೇ ಸಲ ಬಿದ್ದಾಗ ಏಳಲಿಲ್ಲ. ಹುಣಸೇಮರದ ಕೆಳಗೇ ಅವನನ್ನು ಮಣ್ಣು ಮಾಡಿದರು. ಅವನು ತಂದ ಮಾತು ಪೂರ್ತಿಯಾಗಿತ್ತು ಅಂತ ಊರಿನವರು ಒಪ್ಪಿಕೊಂಡರು. ತಡವಾಗಿತ್ತು ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೇಳುವವನು ಹೊರಕಿಂಡಿಯ ಹಿಂದೆಯೇ ಉಳಿದ. ಅವನ ತಪ್ಪೇನೂ ಇರಲಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದವನು. ಆದರೂ ಆಮೇಲೆ ಪ್ರತಿ ಮಾತಿಗೂ ಮೊದಲು ಗೆಣ್ಣಿನ ಸದ್ದು ಬಂತೋ ಇಲ್ಲವೋ ಅಂತ ಕಿವಿ ನಿಮಿರಿಸುತ್ತಿದ್ದ. ಬರದಿದ್ದರೆ ಬಾಯಿ ತೆಗೆಯುತ್ತಿರಲಿಲ್ಲ. ಹಾಗೇ ಕಿವಿ ನಿಮಿರಿಸಿಕೊಂಡೇ ಒಂದು ದಿನ ತೀರಿಕೊಂಡ.

ಅತ್ತೆ, ಕೂಸಿನ ಬಾಯಿಗೆ ಬಟ್ಟೆ ಇಟ್ಟವರು, ಅದೇ ನೀರು ಕುಡಿದು ಅದರ ಮಗ್ಗುಲಲ್ಲೇ ಮಲಗಿದರು. ಅವರ ಕೈಯಲ್ಲಿ ಆ ಬಟ್ಟೆಯ ಚೂರು ಹಾಗೇ ಇತ್ತಂತೆ.

ಮಗಳು ಕೆಳಕ್ಕೆ ಹೋಗಲಿಲ್ಲ. ತಾಯಿ ಎದ್ದ ಕಲ್ಲಿನ ಮೇಲೆ ಕೂತು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಅವಳ ಕಾಲದಲ್ಲಿ ಗಡಿಗೆಗಳು ಬೇಕಾದಷ್ಟು ಒಡೆದವು. ಒಂದು ಹೆಸರು ಆಚೀಚೆಯಾದರೂ ಒಡೆಯುತ್ತಿದ್ದಳು, ತಂದವರು ಕಾಲಿಗೆ ಬಿದ್ದರೂ ಒಡೆಯುತ್ತಿದ್ದಳು. ಕಲ್ಲೆದೆಯವಳು ಅಂತ ಸಾಲಿನವರು ಬೈದರು. ಕೆಳಗಿನವರು ಹುರಿಗಾಳು ತಿಂದು ಹೊಟ್ಟೆ ಹಿಡಿದುಕೊಂಡು ಬೈದರು. ಬೈಯುವುದಕ್ಕೆ ಅವರು ಉಳಿದಿದ್ದರಲ್ಲ.

ಕೇಳುವವಳು, ಅಂದರೆ ತಾಯಿ, ಊರಾಚೆ ಕುಂಬಾರರ ಕೊಟ್ಟಿಗೆಗೆ ಹೋಗಿ ಮಣ್ಣು ತುಳಿಯುವ ಕೆಲಸಕ್ಕೆ ನಿಂತಳು. ಮಗಳು ಒಡೆಯುವುದಕ್ಕೆ ಗಡಿಗೆ ಬೇಕಲ್ಲ, ಯಾರಾದರೂ ಮಾಡಬೇಕು. ಸುಟ್ಟು ತೆಗೆದ ಪ್ರತಿ ಗಡಿಗೆಯನ್ನೂ ಒಮ್ಮೆ ಗೆಣ್ಣಿನಿಂದ ಬಡಿದು, ಕಿವಿಗಿಟ್ಟು ಕೇಳಿ, ಆಮೇಲೆ ಮಗಳಿಗೆ ಕಳಿಸುತ್ತಿದ್ದಳು. ತಾಯಿ ಮಗಳು ಮತ್ತೆ ಮಾತಾಡಲಿಲ್ಲ. ಬೇರೆ ಯಾರ ಹತ್ತಿರವೂ ಅವಳು ಮಾತು ತೆರೆಯಲಿಲ್ಲ.

ಗುಡಿಸುವವಳಿಗೆ ಕೊನೆಗಾಲದಲ್ಲಿ ಕೈತುಂಬ ಕೆಲಸ ಸಿಕ್ಕಿತು. ಪೊರಕೆ ಸವೆದು ಮೊಂಡಾಯಿತು, ಹೊಸದು ಕಟ್ಟಿದಳು, ಅದೂ ಸವೆಯಿತು. ಎಲ್ಲ ಚೂರುಗಳನ್ನೂ ಗುಡಿಸಿ ಹಳ್ಳಕ್ಕೆ ಹಾಕಿದಳು. ಮಗು ಅಂತ ತೆರೆದ ಆ ಒಂದು ಗಡಿಗೆಯ ಚೂರುಗಳನ್ನು ಮಾತ್ರ ಗುಡಿಸಲಿಲ್ಲ. ಕಲ್ಲಿನ ಪಕ್ಕದಲ್ಲಿ ಬಿದ್ದಲ್ಲೇ ಇವೆ ಅವು, ಬಾಯಿ ಮೇಲಾಗಿ.